ಪ್ರತಿ ವರ್ಷವೂ ತಂಡ ಸಿದ್ಧವಿರಬೇಕಾದರೆ: ಕೊಡಗಿನ ಸಣ್ಣ ಊರಿನ ಹೈಸ್ಕೂಲುಗಳಿಗೊಂದು ಮಾರ್ಗದರ್ಶಿ

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಒಂದು ವರ್ಷ ಕಪ್ ಗೆದ್ದು ಮರುವರ್ಷ ಮೊದಲ ಸುತ್ತಿನಲ್ಲೇ ಸೋತು ಬರುವ ಶಾಲೆಗಳು ಎಲ್ಲ ಕಡೆ ಇವೆ. ಯಾವ ವರ್ಷ ಹೋದರೂ ಜಿಲ್ಲಾ ಮಟ್ಟದಲ್ಲಿ ಕಾಣಿಸಿಕೊಳ್ಳುವ ಶಾಲೆಗಳು ಕೆಲವೇ, ಮತ್ತು ಅವುಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿರುವ ಸಣ್ಣ ಊರಿನ ಶಾಲೆಗಳೂ ಇರುತ್ತವೆ. ಅಂಥ ಶಾಲೆಗಳನ್ನು ಕಂಡಾಗ ‘ಅವರಿಗೆ ಒಳ್ಳೆಯ ಮಕ್ಕಳು ಸಿಕ್ಕಿದ್ದಾರೆ’ ಎಂದುಬಿಡುವುದು ಸುಲಭ. ಆದರೆ ಹೈಸ್ಕೂಲು ಎಂದರೆ ಎಂಟು, ಒಂಬತ್ತು, ಹತ್ತು ಎಂಬ ಮೂರೇ ತರಗತಿ. 17 ವರ್ಷದೊಳಗಿನವರ ತಂಡದಲ್ಲಿ ಚೆನ್ನಾಗಿ ಪಳಗಿದವರೇ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹೊರಟುಹೋಗುತ್ತಾರೆ. ಹೀಗಿರುವಾಗ ಸತತವಾಗಿ ಗೆಲ್ಲುವ ಶಾಲೆ ಮಾಡುತ್ತಿರುವ ಕೆಲಸ ಒಂದೇ: ಹೋದವರ ಜಾಗಕ್ಕೆ ಬರಬೇಕಾದವರನ್ನು ಎರಡು ಮೂರು ವರ್ಷ ಮೊದಲೇ ತಯಾರು ಮಾಡಿಡುವುದು. ಆ ಕೆಲಸವನ್ನು ಕೊಡಗಿನ ಪರಿಸ್ಥಿತಿಯಲ್ಲಿ ಮಾಡುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಹೇಳಲಾಗಿದೆ.

ಮೊದಲಿಗೆ, ಶಾಲೆ ಸಣ್ಣದೆಂಬುದನ್ನು ಕೊರತೆ ಎಂದು ಎಣಿಸಬಾರದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೈಸ್ಕೂಲುಗಳನ್ನು ಅಭ್ಯಾಸ ಮಾಡಿ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಪ್ರಕಟಿಸಿದ ಅಧ್ಯಯನವು, ದೊಡ್ಡ ಶಾಲೆಗಳಲ್ಲಿ ಚಟುವಟಿಕೆಗಳು ಹೆಚ್ಚಿದ್ದರೂ ಒಬ್ಬೊಬ್ಬ ವಿದ್ಯಾರ್ಥಿ ಅವುಗಳಲ್ಲಿ ಮುಖ್ಯ ಪಾತ್ರ ವಹಿಸುವುದು ಸಣ್ಣ ಶಾಲೆಗಳಲ್ಲೇ ಹೆಚ್ಚು ಎಂದು ತೋರಿಸಿತು. ಕಾರಣ ಸರಳವಾಗಿದೆ. ತರಗತಿಯಲ್ಲಿ ಹತ್ತೇ ಹುಡುಗರಿದ್ದರೆ ಹತ್ತು ಜನರೂ ಮೈದಾನಕ್ಕೆ ಇಳಿಯಲೇಬೇಕು. ಆಯ್ಕೆಯಿಂದ ಹೊರಗುಳಿದು ಗೋಡೆಗೆ ಒರಗಿ ನೋಡುವ ಅವಕಾಶವೇ ಅಲ್ಲಿಲ್ಲ. ಎಂಟನೇ ತರಗತಿಯಲ್ಲಿ ಯಾರ ಗಮನಕ್ಕೂ ಬಾರದ ಮಗು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮೈಕೈ ತುಂಬಿಕೊಂಡು ತಂಡದ ಆಧಾರವಾಗುವುದುಂಟು, ಆದರೆ ಅಲ್ಲಿಯವರೆಗೆ ಅದು ಆಟದಲ್ಲೇ ಉಳಿದಿರಬೇಕು. ಆದ್ದರಿಂದ ಎಂಟನೇ ತರಗತಿಯಲ್ಲಿ ಯಾರನ್ನೂ ಕೈಬಿಡಬೇಡಿ.

ಈ ಅನುಕೂಲ ದಕ್ಕಬೇಕಾದರೆ ಆಟವೊಂದನ್ನು ಆರಿಸಿಕೊಂಡು ಅದಕ್ಕೇ ನಿಲ್ಲಬೇಕು. ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್, ಹಾಕಿ ಎಲ್ಲದಕ್ಕೂ ತಂಡ ಕಳಿಸುವ ಹಂಬಲದಲ್ಲಿ ಅದೇ ಹನ್ನೆರಡು ಮಕ್ಕಳನ್ನು ಐದು ಕಡೆ ಓಡಿಸುವುದಕ್ಕಿಂತ ಒಂದು ಮುಖ್ಯ ಆಟ, ಅದರ ಜೊತೆಗೆ ಅಥ್ಲೆಟಿಕ್ಸ್ ಎಂದು ತೀರ್ಮಾನಿಸುವುದು ಒಳ್ಳೆಯದು. ಮೈದಾನವಿದ್ದರೆ ಕೊಡಗಿನಲ್ಲಿ ಹಾಕಿಯೇ ಸಹಜ ಆಯ್ಕೆ. ಮೈದಾನವಿಲ್ಲದ, ಗುಡ್ಡದ ಇಳಿಜಾರಿನಲ್ಲಿರುವ ಶಾಲೆಗೆ ಕಬಡ್ಡಿಯೋ ಖೋ ಖೋವೋ ಲೇಸು. ಜಿಲ್ಲೆಯ ಹೆಸರಿಗಾಗಿ ಹಾಕಿಯನ್ನೇ ಹಿಡಿಯಬೇಕೆಂಬ ಹಟ ಬೇಡ. ಇಲ್ಲಿ ಮುಂದೆ ಕೊಡುವ ಉದಾಹರಣೆಗಳು ಹಾಕಿಯವು, ಕ್ರಮ ಮಾತ್ರ ಎಲ್ಲ ಆಟಕ್ಕೂ ಒಂದೇ.

1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಅನಂತರದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಮುಂತಾದವರ ಹೆಸರು ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಸರಿಯೇ. ಆದರೆ ಶಾಲೆಯೊಂದು ಕಲಿಯಬೇಕಾದ ಪಾಠ ಈ ಹೆಸರುಗಳಿಗಿಂತ ಹೆಚ್ಚಾಗಿ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿದೆ. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭವಾದ ಈ ಉತ್ಸವ, ಕೋವಿಡ್ ಕಾಲದಲ್ಲಿ ನಿಂತರೂ 2023ರಲ್ಲಿ ಮತ್ತೆ ಆರಂಭವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳನ್ನು ಕಂಡಿತು. ಇಷ್ಟು ದೊಡ್ಡ ಕೂಟ ಒಬ್ಬರ ಹೆಗಲ ಮೇಲೆ ನಿಂತಿದ್ದರೆ ಯಾವತ್ತೋ ನಿಂತುಹೋಗುತ್ತಿತ್ತು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ ಮತ್ತು ಮುಂದಿನ ಸರದಿ ಯಾರದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘವೂ ಹೀಗೆಯೇ ನಡೆಯಬಹುದು. ಒಂದು ವರ್ಷ ಒಂದು ಬ್ಯಾಚ್‌ನವರು ಜೀಪಿನ ಬಾಡಿಗೆ, ಚೆಂಡು, ಜರ್ಸಿಯ ಖರ್ಚು ನೋಡಿಕೊಳ್ಳಲಿ, ಮರುವರ್ಷದ ಬ್ಯಾಚ್ ಯಾವುದೆಂದು ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲೇ ಪ್ರಕಟಿಸಲಿ. ಯಾರೋ ಒಬ್ಬ ಉದಾರ ದಾನಿಯನ್ನು ನೆಚ್ಚಿಕೊಂಡ ತಂಡದ ಆಯುಸ್ಸು ಆ ದಾನಿಯ ಉತ್ಸಾಹ ಇರುವಷ್ಟೇ.

ಮುಂದಿನ ಹೆಜ್ಜೆ ಪ್ರಾಥಮಿಕ ಶಾಲೆಗಳದ್ದು. ನಿಮ್ಮ ಹೈಸ್ಕೂಲಿಗೆ ಮಕ್ಕಳು ಬರುವ ಸುತ್ತಮುತ್ತಲ ಹಿರಿಯ ಪ್ರಾಥಮಿಕ ಶಾಲೆಗಳ ಆರು ಮತ್ತು ಏಳನೇ ತರಗತಿಯವರನ್ನು ತಿಂಗಳಿಗೊಮ್ಮೆಯಾದರೂ ಶನಿವಾರ ಮಧ್ಯಾಹ್ನ ನಿಮ್ಮ ಮೈದಾನಕ್ಕೆ ಕರೆಸಿ, ಅರ್ಧ ಮೈದಾನದಲ್ಲಿ ಐದೈದು ಜನರ ಪಂದ್ಯ ಆಡಿಸಿ. ಕಲಿಸುವ ಕೆಲಸವನ್ನು ನಿಮ್ಮ ಒಂಬತ್ತನೇ ತರಗತಿಯವರಿಗೆ ಒಪ್ಪಿಸಿ. ಕಿರಿಯರಿಗೆ ಹೇಳಿಕೊಡುವಾಗ ಅವರ ಆಟವೂ ತಿದ್ದಿಕೊಳ್ಳುತ್ತದೆ. ಹೀಗೆ ಬಂದ ಮಗು ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವಾಗ ಸ್ಟಿಕ್ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕಾಗಿರುವುದಿಲ್ಲ.

ಆದರೆ ಜೂನ್ ಎಂದರೆ ಮಳೆ. ಬಯಲುಸೀಮೆಯ ಶಾಲೆಗಳು ಅಭ್ಯಾಸ ಶುರುಮಾಡುವ ಹೊತ್ತಿಗೆ ನಮ್ಮಲ್ಲಿ ಮೈದಾನ ಕೆಸರಾಗಿ, ಕೆಲವೊಮ್ಮೆ ಜಿಲ್ಲಾಡಳಿತ ಮಳೆಯ ರಜೆ ಘೋಷಿಸಿ, ಆ ರಜೆಯನ್ನು ಸರಿದೂಗಿಸಲು ಶನಿವಾರಗಳೂ ಪಾಠಕ್ಕೆ ಹೋಗುತ್ತವೆ. ವಲಯ ಮತ್ತು ತಾಲ್ಲೂಕು ಮಟ್ಟದ ಪಂದ್ಯಗಳು ಇದೇ ಮಳೆಯ ಹಿಂದುಮುಂದಿನಲ್ಲಿ ಬಂದುಬಿಡುತ್ತವೆ. ಹೀಗಾಗಿ ಓಟ, ದಮ್ಮು, ತಂಡದ ಹೊಂದಾಣಿಕೆಯ ಕೆಲಸವನ್ನೆಲ್ಲ ಏಪ್ರಿಲ್–ಮೇ ರಜೆಯ ಬೇಸಿಗೆ ಶಿಬಿರದಲ್ಲೇ ಮುಗಿಸಬೇಕು. ಮಳೆಗಾಲವನ್ನು ಕೈಯ ಕೆಲಸಕ್ಕೆ ಮೀಸಲಿಡಬೇಕು.

ಕೈಯ ಕೆಲಸಕ್ಕೆ ಶಾಲೆಯ ಉದ್ದನೆಯ ಜಗಲಿ ಸಾಕು. ಬೆಳಗಿನ ಪ್ರಾರ್ಥನೆಗೆ ಮೊದಲು ಇಪ್ಪತ್ತು ನಿಮಿಷ ಇಬ್ಬಿಬ್ಬರನ್ನು ಎಂಟು ಹತ್ತು ಹೆಜ್ಜೆ ದೂರದಲ್ಲಿ ಎದುರುಬದುರು ನಿಲ್ಲಿಸಿ ಪುಶ್ (ಚೆಂಡನ್ನು ಸ್ಟಿಕ್ಕಿನಿಂದ ತಳ್ಳುವುದು) ಮತ್ತು ಸ್ಟಾಪ್ (ಬಂದ ಚೆಂಡನ್ನು ನಿಲ್ಲಿಸುವುದು) ಮಾತ್ರ ಮಾಡಿಸಿ. ಸ್ಟಿಕ್ ಬೀಸಿ ಹಿಟ್ ಮಾಡಲು ಬಿಡಲೇಬೇಡಿ, ಕಿಟಕಿಯ ಗಾಜಿನ ಚಿಂತೆ ಬೇರೆ. ಚೆಂಡನ್ನು ನಿಲ್ಲಿಸುವಾಗ ಎಡಗೈ ಸ್ಟಿಕ್ಕಿನ ತುದಿಯಲ್ಲಿ, ಬಲಗೈ ಅದರ ಕೆಳಗೆ ಸಡಿಲವಾಗಿರಬೇಕು. ಹಿಡಿಕೆ ಚೆಂಡು ಬರುವ ದಿಕ್ಕಿಗೆ ತುಸು ಮುಂದಕ್ಕೆ ವಾಲಿದ್ದರೆ ಚೆಂಡು ಸ್ಟಿಕ್ಕಿನ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ವಾಲಿದ್ದರೆ ಪುಟಿದು ಎದೆಗೆ ಬರುತ್ತದೆ. ಚೆಂಡು ತಾಗುವ ಕ್ಷಣಕ್ಕೆ ಕೈಯನ್ನು ಕೊಂಚ ಹಿಂದಕ್ಕೆ ಬಿಟ್ಟುಕೊಡುವುದನ್ನು ಕಲಿತ ಮಗುವಿನ ಮುಂದೆ ‘ಟಕ್’ ಎಂಬ ಸದ್ದು ಕೇಳಿಸುವುದಿಲ್ಲ, ಆದ್ದರಿಂದ ಶಿಕ್ಷಕರು ಕಣ್ಣಿಗಿಂತ ಕಿವಿಯಿಂದಲೇ ತಪ್ಪನ್ನು ಪತ್ತೆಹಚ್ಚಬಹುದು. ಸಿಮೆಂಟು ನೆಲದ ಈ ಅಭ್ಯಾಸಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಹುಲ್ಲಿನ ಮೈದಾನದಲ್ಲಿ ಬೆಳೆದ ತಂಡ ಕೂಡಿಗೆ ಅಥವಾ ಪೊನ್ನಂಪೇಟೆಯ ಟರ್ಫ್ (ಕೃತಕ ಹುಲ್ಲಿನ ಮೈದಾನ) ಮೇಲೆ ಮೊದಲ ಬಾರಿಗೆ ಇಳಿದಾಗ ಚೆಂಡು ಬರುವ ವೇಗಕ್ಕೆ ತಬ್ಬಿಬ್ಬಾಗುತ್ತದೆ. ಜಗಲಿಯಲ್ಲಿ ಪಳಗಿದವರಿಗೆ ಆ ವೇಗ ತೀರ ಹೊಸದಲ್ಲ. ಆದರೂ ಜಿಲ್ಲಾ ಪಂದ್ಯಕ್ಕೆ ಮುನ್ನ ಒಂದು ದಿನವಾದರೂ ಟರ್ಫ್‌ನಲ್ಲಿ ಅಭ್ಯಾಸಕ್ಕೆ ಅನುಮತಿ ಕೇಳಿ ಪಡೆಯಿರಿ.

ಗೋಲ್‌ಕೀಪರ್‌ನ ಪ್ಯಾಡುಗಳು ಈ ಮಳೆಯಲ್ಲಿ ಬೂಸ್ಟು ಹಿಡಿಯುತ್ತವೆ. ಅವನ್ನು ಕ್ರೀಡಾ ಕೊಠಡಿಯ ಮೂಲೆಯಲ್ಲಿ ಕಟ್ಟಿಡದೆ, ಗಾಳಿಯಾಡುವಲ್ಲಿ ನೇತುಹಾಕಿ.

ಮಕ್ಕಳು ಅಭ್ಯಾಸ ಬಿಡುವುದು ಹೆಚ್ಚಾಗಿ ಆಸಕ್ತಿ ಇಲ್ಲದೆ ಅಲ್ಲ, ಮನೆಗೆ ಹೋಗುವ ಬಸ್ಸು ತಪ್ಪುತ್ತದೆಂದು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಸಂಜೆಯ ಒಂದೇ ಬಸ್ಸು ಹೋದರೆ ಕತ್ತಲಲ್ಲಿ ನಡೆಯಬೇಕು, ಆನೆಯ ಭಯವಿರುವ ದಾರಿಯಾದರೆ ಅದೂ ಸಾಧ್ಯವಿಲ್ಲ. ಅಭ್ಯಾಸದ ವೇಳೆಯನ್ನು ಬಸ್ಸಿನ ವೇಳೆ ನೋಡಿ ನಿಗದಿಪಡಿಸುವುದು, ಸಂಜೆಯ ಬದಲು ಬೆಳಗ್ಗೆ ಇಟ್ಟುಕೊಳ್ಳುವುದು ಇದಕ್ಕೆ ಉಪಾಯ. ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರುವರಿಯಲ್ಲಿ ದೊಡ್ಡವರೆಲ್ಲ ತೋಟದಲ್ಲಿರುವಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಆ ಚಿಕ್ಕವರನ್ನೂ ಮೈದಾನಕ್ಕೆ ಕರೆತರಲು ಒಪ್ಪಿಗೆ ಕೊಟ್ಟರೆ ಬಾಲಕಿಯರ ತಂಡ ಉಳಿಯುತ್ತದೆ. ಬೆಳಗಿನ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳಿಗೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿಯಾದರೂ ಹಳೆ ವಿದ್ಯಾರ್ಥಿಗಳ ಲೆಕ್ಕದಲ್ಲಿ ಸಿಗಲಿ.

ಹತ್ತನೇ ತರಗತಿಯವರ ತಂದೆತಾಯಿಗಳು ಆಟ ಬಿಡಿಸಲು ಬಂದಾಗ ವಾದಕ್ಕಿಳಿಯಬೇಡಿ. ಶಾಲಾ ಪಂದ್ಯಾವಳಿ ಮುಗಿದ ಕೂಡಲೇ ಹತ್ತನೆಯವರನ್ನು ನಿತ್ಯದ ಅಭ್ಯಾಸದಿಂದ ಬಿಡುಗಡೆ ಮಾಡುವುದಾಗಿ ಜೂನ್‌ನ ಪಾಲಕರ ಸಭೆಯಲ್ಲೇ ತಿಳಿಸಿಬಿಡಿ. ಇದರಿಂದ ಅವರಿಗೆ ಓದಲು ಸಮಯ ಸಿಗುತ್ತದೆ, ಒಂಬತ್ತನೆಯವರು ನಾಯಕತ್ವ ಕಲಿಯಲು ಪೂರ್ತಿ ಅರ್ಧ ವರ್ಷ ದೊರೆಯುತ್ತದೆ. ತುಂಬ ಪ್ರತಿಭೆಯಿರುವ ಮಗುವನ್ನು ಕೂಡಿಗೆಯ ಕ್ರೀಡಾಶಾಲೆಯ ಆಯ್ಕೆಗೆ ಕಳಿಸಲು ಹಿಂಜರಿಯುವ ಶಾಲೆಗಳಿವೆ. ನಿಮ್ಮ ತಂಡ ಆ ಒಂದು ಮಗುವಿನಿಂದಲೇ ನಡೆಯುತ್ತಿದ್ದರೆ ದೋಷ ವ್ಯವಸ್ಥೆಯದು, ಮಗುವನ್ನು ತಡೆಯಬೇಡಿ.

ಕೊನೆಯದಾಗಿ ವರ್ಗಾವಣೆ. ಎಷ್ಟೋ ಶಾಲೆಗಳ ಕ್ರೀಡಾ ವೈಭವ ಒಬ್ಬ ಪಿ.ಟಿ. ಮೇಷ್ಟ್ರ ಜೊತೆಗೆ ಬಂದು ಅವರ ವರ್ಗಾವಣೆಯ ಜೊತೆಗೇ ಹೋಗಿದೆ. ಹುದ್ದೆ ಖಾಲಿ ಬಿದ್ದಾಗ ಅಭ್ಯಾಸ ನಿಲ್ಲದಂತೆ, ಬೇರೆ ವಿಷಯದ ಒಬ್ಬ ಶಿಕ್ಷಕರು ಮತ್ತು ಊರಿನಲ್ಲೇ ನೆಲೆಸಿರುವ ಒಬ್ಬ ಹಳೆ ಆಟಗಾರರು ಮೊದಲಿನಿಂದಲೂ ಮೈದಾನದಲ್ಲಿ ಜೊತೆಗಿರಬೇಕು. ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಒಂದು ವಹಿ ಇರಲಿ. ಪ್ರತಿ ಮಗುವಿನ ಹೆಸರು, ಜನ್ಮದಿನಾಂಕ, ಆಡುವ ಸ್ಥಾನ, ಮನೆಗೆ ಹೋಗುವ ಬಸ್ಸು, ಯಾವ ಪ್ರಾಥಮಿಕ ಶಾಲೆಯಿಂದ ಬಂದದ್ದು, ಯಾವ ಸ್ಟಿಕ್ ಯಾರ ಕೈಯಲ್ಲಿದೆ, ಮುಂದಿನ ವರ್ಷದ ಹೊಣೆ ಯಾವ ಬ್ಯಾಚಿನದು ಎಂಬುದನ್ನು ಅದರಲ್ಲಿ ಬರೆದು, ಪ್ರತಿ ಮಾರ್ಚ್‌ನಲ್ಲಿ ಹೊಸ ನಾಯಕ ಮತ್ತು ನಾಯಕಿಯ ಎದುರಿಗೆ ಓದಿ, ಅವರಿಬ್ಬರ ಸಹಿ ಪಡೆಯಿರಿ.