ಕುಲ್ಫಿ ಉಪ್ಪಿನ ತಾಲೀಮು: ಮಾರ್ವೆಯಿಂದ ಸಿಮ್ಕೋ ಸರೋವರಕ್ಕೆ

"ಮಲಾಡಿನ ಸೆಖೆಯಲ್ಲಿ ಕೂತು ಹಿಮದ ಮೇಲೆ ಗಾಳ ಹಾಕೋದು ಕಲೀತಾರಂತೆ" ಅಂತ ನನ್ನನ್ನು ನೋಡಿ ನಕ್ಕ, ಮುಂಬೈನ ಮಾರ್ವೆ ಕಡಲತೀರದಲ್ಲಿ ಗಾಳ ಹಾಕುವ ನಮ್ಮ ಗುಂಪಿನವರೇ ಈಗ ಒಬ್ಬೊಬ್ಬರಾಗಿ ಫೋನ್ ಮಾಡಿ ವಿಚಾರಿಸ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಮಗ ಇರೋದು ಕೆನಡಾದ ಬ್ಯಾರಿಯಲ್ಲಿ, ಸಿಮ್ಕೋ ಸರೋವರದ ದಡದ ಊರು. ಫೆಬ್ರವರಿಯಲ್ಲಿ ಅಲ್ಲಿ ಕೈಕೊಡೋದು ಗಾಳವಲ್ಲ, ಬೆರಳು. ಅದಕ್ಕೇ ಹೊರಡೋ ಮೊದಲು ಮನೆಯಲ್ಲೇ ತಾಲೀಮು: ಥರ್ಮಾಕೋಲ್ ಡಬ್ಬಿಗೆ ಪುಡಿ ಐಸ್ ತುಂಬಿ, ಕುಲ್ಫಿಯವರ ಹಾಗೆ ಕಲ್ಲುಪ್ಪು ಸುರಿದೆ. ಸೊನ್ನೆಗಿಂತ 10 ಡಿಗ್ರಿಯಾದರೂ ಕೆಳಗಿಳಿಯುತ್ತೆ. ಗ್ಲೌಸ್ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ಕೈ ಇಳಿಸೋದು, ತೆಗೆದ ತಕ್ಷಣ ಪಾಲೊಮಾರ್ ಗಂಟು (ಗಾಳವನ್ನು ಲೈನಿಗೆ, ಅಂದರೆ ಗಾಳದ ದಾರಕ್ಕೆ ಕಟ್ಟುವ ಗಂಟು) ಹಾಕೋದು. ಬರಿಗೈ ಇಳಿಸಬೇಡಿ, ಚರ್ಮ ಹೋಗುತ್ತೆ.

ದುಡ್ಡು ಸುರಿದಿದ್ದು ಗ್ಲೌಸಿಗೆ. ಬೈಕಿನದು 1,400ವೋ 1,500ವೋ. ಕೈ ಬೆಚ್ಚಗಿತ್ತು, ಲೈನ್ ಮಾತ್ರ ಬೆರಳಿಗೆ ಸಿಗ್ತಿರಲಿಲ್ಲ. ರಬ್ಬರಿನದು ಒಳಗೇ ಬೆವರಿ ಇನ್ನೂ ತಣ್ಣಗಾಯ್ತು. ಗೆದ್ದಿದ್ದು ಫುಟ್‌ಪಾತಿನ 150 ರೂಪಾಯಿಯ ತೆಳು ಉಣ್ಣೆ ಗ್ಲೌಸ್, ಮೇಲೆ ದೊಗಳೆ ಮಿಟನ್ (ಬೆರಳೆಲ್ಲ ಒಂದೇ ಚೀಲದಲ್ಲಿರೋ ಗ್ಲೌಸ್). ಗಂಟಿಗೆ ಮೊದಲು ಬೆರಳಿಗೆ ಒಂದು ಉಪಚಾರ ಮಾಡ್ತೀನಿ; ಅದು ನನ್ನ ಹತ್ತಿರವೇ ಇರಲಿ.

ಹಾಗೇ ಜೀನ್ಸನ್ನೂ ತೂಗಿ ನೋಡಿದೆ. ಒಣಗಿದ್ದಾಗ ಮುಕ್ಕಾಲು ಕಿಲೋ, ನೆನೆದಾಗ 2ರ ಹತ್ತಿರ. ಹತ್ತಿ ಬಟ್ಟೆಯೆಲ್ಲ ಸೂಟ್‌ಕೇಸಿನಿಂದ ಹೊರಗೆ! ಫ್ರೀಜರಿನಲ್ಲಿಟ್ಟ ನಮ್ಮ ದಪ್ಪ ನೈಲಾನ್ ಲೈನ್ ಸುರುಳಿ ಬಿಡಲೇ ಇಲ್ಲ, 4 ಪೌಂಡ್ ಎಳೆತ ತಡೆಯುವ ತೆಳು ಫ್ಲೋರೋಕಾರ್ಬನ್ ಲೈನ್ ಪರವಾಗಿಲ್ಲ. ಫೋನ್ ಅರ್ಧ ಚಾರ್ಜ್ ಇದ್ದೂ ಆರಿಹೋಯ್ತು, ಒಳಜೇಬಿಗೆ ಸೇರಿತು. ಮನೆಯವಳು ಫ್ರೀಜರಿಗೆ ಬೀಗ ಹಾಕೋದೊಂದೇ ಬಾಕಿ.

ಕುತ್ತಿಗೆಗೆ ನೇತುಹಾಕುವ ಐಸ್ ಪಿಕ್ ಇಲ್ಲಿನ ಬಡಗಿಯಿಂದಲೇ ಆಯ್ತು: 2 ಮರದ ಹಿಡಿ, ತಲಾ ಒಂದು ಮೊಳೆ, ನಡುವೆ ಹಗ್ಗ, 200 ರೂಪಾಯಿ. ಐಸ್ ಒಡೆದು ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿದು ಮೇಲೆ ಬರಬೇಕು. ಬಂದಮೇಲೂ ಎದ್ದು ನಿಲ್ಲದೆ ಉರುಳಬೇಕು. ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಉರುಳಿದ್ದೇ ಉರುಳಿದ್ದು.

ಸಿಮ್ಕೋದಲ್ಲಿ ಮಗ, ನಾನು ಸ್ಪಡ್ ಬಾರ್‌ನಿಂದ (ಐಸ್ ಗಟ್ಟಿಯಿದೆಯೇ ನೋಡುವ ಚೂಪು ಕಬ್ಬಿಣದ ಸಲಾಕೆ) ಕುಟ್ಟುತ್ತಾ ನಡೆದೆವು. ಪಾರದರ್ಶಕ ಗಟ್ಟಿ ಐಸ್ ಕನಿಷ್ಠ 4 ಇಂಚು ಬೇಕು, ಬಿಳಿ ಐಸಾದರೆ ಅದರ ಎರಡು ಪಟ್ಟು. ತೊರೆ ಬಂದು ಸೇರುವ ಜಾಗ ನಂಬಲೇಬೇಡಿ. ಟೆಂಟಿನಲ್ಲಿ ಹೀಟರ್ ಹಚ್ಚಿದರೆ ಗಾಳಿಕಿಂಡಿ ತೆರೆದೇ ಇರಲಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಒಂಟಾರಿಯೊ ಲೈಸೆನ್ಸ್ ಮಗ ಮಾಡಿಸಿದ್ದ. ಪಕ್ಕದ ಟೆಂಟಿನವರು ಬೆರಳು ಉಜ್ಜಿಕೊಳ್ಳುವಷ್ಟರಲ್ಲಿ ನನ್ನ ಗಂಟು ಮುಗಿದಿರುತ್ತಿತ್ತು. ಮಧ್ಯಾಹ್ನದೊಳಗೆ ಹಳದಿ ಪರ್ಚ್ ಮೀನು 20ರ ಸುಮಾರು. ರವೆ ಫ್ರೈಗೆ ನಮ್ಮ ಕಾಣೆ ಮೀನಿನಷ್ಟೇ ಚೆನ್ನ. ಆಗರ್ (ಐಸಿಗೆ ತೂತು ಕೊರೆಯುವ ಸಾಧನ) ಮಾತ್ರ ಕೊಳ್ಳಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತೆ. 30 ಡಾಲರ್ ಕೊಟ್ಟ ನೆನಪು.