ನಾಯಿಗೊಂದು ರಾಗಿ–ಸಿಹಿಗುಂಬಳ ರಸ್ಕ್

ನಾಯಿಗೆ ಬೇಕರಿ ಬ್ರೆಡ್ಡು, ಹಾಲಿನ ರಸ್ಕು, ಗ್ಲೂಕೋಸ್ ಬಿಸ್ಕತ್ತು ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಮೈದಾ, ಸಕ್ಕರೆ, ಉಪ್ಪು ತುಂಬಿದ ಈ ತಿಂಡಿಗಳು ಅದಕ್ಕೆ ಬೇಕಿಲ್ಲ ಎಂದು ಗೊತ್ತಿದ್ದೂ, ಬಾಲ ಅಲ್ಲಾಡಿಸಿಕೊಂಡು ಎದುರು ಕೂತಾಗ ಕೈ ತಡೆಯುವುದಿಲ್ಲ. ಮನೆಯಲ್ಲಿರುವ ರಾಗಿ ಹಿಟ್ಟು, ಗೋಧಿ ಹಿಟ್ಟು, ಒಂದು ಹೋಳು ಸಿಹಿಗುಂಬಳ ಇಟ್ಟುಕೊಂಡು ಗರಿಗರಿ ರಸ್ಕ್ ಮಾಡಿಟ್ಟರೆ ಆ ಚಿಂತೆ ತಪ್ಪುತ್ತದೆ. ಅಡುಗೆ ಏನೂ ಕಷ್ಟದ್ದಲ್ಲ. ಏನು ಹಾಕಬಾರದು, ಎಷ್ಟು ಒಣಗಿಸಬೇಕು ಎಂಬ ಎರಡು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು.

ನಾಯಿಗೆ ಹಿಟ್ಟಿನ ಪದಾರ್ಥ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಬೇಯಿಸಿದ್ದಾದರೆ ಆಗುತ್ತದೆ. ಪಿಷ್ಟ ಅರಗಿಸುವ ಕಿಣ್ವಕ್ಕೆ ಸಂಬಂಧಿಸಿದ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಮನುಷ್ಯನ ಎಂಜಲು ತಿಂದುಕೊಂಡೇ ನಾಯಿ ನಾಯಿಯಾಗಿದ್ದು ಎನ್ನಬಹುದು. ಹಾಗೆಂದು ರಸ್ಕೇ ಊಟವಾಗಬಾರದು.

ಮೊದಲು ಡಬ್ಬಿಗಳನ್ನು ಪಕ್ಕಕ್ಕಿಡಿ

ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಸಿಯಾಗಲಿ, ಬೆಂದದ್ದಾಗಲಿ, ಪುಡಿಯಾಗಲಿ, ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತೊಂದರೆ ಅಂದೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ನಾಯಿ ಸುಸ್ತಾಗಿ ಮಲಗಿದಾಗ ಗೊತ್ತಾಗುತ್ತದೆ. ಅಯ್ಯಂಗಾರ್ ಬೇಕರಿಯ ಖಾರ ಬನ್ನಿನ ತುಂಡು ನಾಯಿಗೆ ಬೇಡ ಎನ್ನುವುದೂ ಇದಕ್ಕೇ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲವು, ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಕೊಡುವವರು ನೆನಪಿಟ್ಟುಕೊಳ್ಳಿ. ಚಾಕೊಲೇಟ್, ಕೋಕೋ ಪುಡಿ ಹತ್ತಿರ ಸುಳಿಯಬಾರದು. ಸಿಹಿಗುಂಬಳಕ್ಕೆ ಘಮ ಬರಲೆಂದು ಜಾಯಿಕಾಯಿ ತುರಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಪೀನಟ್ ಬಟರ್ ಹಾಕುವ ಆಸೆಯಿದ್ದರೆ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಝೈಲಿಟಾಲ್ ಅಥವಾ ಬರ್ಚ್ ಶುಗರ್ ಎಂದಿದ್ದರೆ ಅದು ನಾಯಿಗೆ ವಿಷ. ಮನುಷ್ಯರಿಗೆ ಸಕ್ಕರೆಯ ಬದಲಿಯಾಗಿ ಬಳಸುವ ಈ ಪದಾರ್ಥ ನಾಯಿಯ ಹೊಟ್ಟೆ ಸೇರಿದರೆ ಇನ್ಸುಲಿನ್ ಒಮ್ಮೆಲೇ ಸುರಿದು, ಅರ್ಧ–ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿಯಬಹುದು. ಯಕೃತ್ತಿಗೂ ಪೆಟ್ಟು. ಇಷ್ಟೆಲ್ಲ ತಲೆನೋವು ಯಾಕೆ, ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಊದಿ, ಪುಡಿ ಮಾಡಿ ಹಾಕಿದರಾಯಿತು.

ಈಸ್ಟ್ ಕೂಡ ಬೇಡ. ಬೆಂದ ಬ್ರೆಡ್ಡಿನಲ್ಲಿ ಈಸ್ಟ್ ಸತ್ತಿರುತ್ತದೆ, ಅದರಿಂದ ಅಪಾಯವಿಲ್ಲ. ಭಯ ಇರುವುದು ಉಬ್ಬಲು ಇಟ್ಟ ಹಸಿ ಹಿಟ್ಟಿನದು. ನೀವು ಅತ್ತ ಹೋದಾಗ ನಾಯಿ ಅದನ್ನು ಗುಳುಂ ಮಾಡಿದರೆ ಹಿಟ್ಟು ಹೊಟ್ಟೆಯ ಬಿಸಿಗೆ ಅಲ್ಲೇ ಉಬ್ಬುತ್ತದೆ, ಜೊತೆಗೆ ಮದ್ಯಸಾರವೂ ಹುಟ್ಟಿ ರಕ್ತಕ್ಕೆ ಸೇರುತ್ತದೆ. ಹಾಗಾದರೆ ತಡಮಾಡದೆ ಪಶುವೈದ್ಯರ ಬಳಿ ಓಡಬೇಕು.

ಹಿಟ್ಟು ಕಲಸುವುದು

ರಾಗಿ ಹಿಟ್ಟು 120 ಗ್ರಾಂ, ಗೋಧಿ ಹಿಟ್ಟು 120 ಗ್ರಾಂ, ಬೇಯಿಸಿ ಮಸೆದ ಸಿಹಿಗುಂಬಳ 150 ಗ್ರಾಂ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ. ಉಪ್ಪಿಲ್ಲ, ಬೆಲ್ಲವಿಲ್ಲ, ಸೋಡಾ ಇಲ್ಲ. ನಮಗೆ ಸಪ್ಪೆ ಎನಿಸಿದ್ದು ನಾಯಿಗೆ ಸಪ್ಪೆಯಲ್ಲ, ಅದು ಮೂಗಿನಿಂದ ಉಣ್ಣುವ ಪ್ರಾಣಿ.

ಮಲೆನಾಡಿನವರು ಚೀನಿಕಾಯಿ ಎನ್ನುವ ಹಳದಿ ತಿರುಳಿನ ಕಾಯಿಯೇ ಬೇಕು, ಬೂದುಗುಂಬಳ ಬರೀ ನೀರು. ಸಿಪ್ಪೆ, ಬೀಜ ತೆಗೆದು ಹಬೆಯಲ್ಲಿ ಬೇಯಿಸಿ. ನೀರಲ್ಲಿ ಮುಳುಗಿಸಿ ಬೇಯಿಸಿದರೆ ಅದು ನೀರು ಕುಡಿದು, ಆಮೇಲೆ ಎಷ್ಟು ಹಿಟ್ಟು ಸುರಿದರೂ ಸಾಲದು. ಬೆಂದದ್ದನ್ನು ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು, ನೀರು ಸೋರಿದ ಮೇಲೆ ಮಸೆದು ತೂಗಿ.

ಎಲ್ಲ ಸೇರಿಸಿ ಕಲಸಿ. ಮೊದಮೊದಲು ಕೈಗೆ ಅಂಟುತ್ತದೆ, ಹದಿನೈದು ನಿಮಿಷ ಮುಚ್ಚಿಟ್ಟರೆ ರಾಗಿ ನೀರು ಹೀರಿ ಹಿಟ್ಟು ಹದಕ್ಕೆ ಬರುತ್ತದೆ. ಆಗಲೂ ಅಂಟಿದರೆ ಸ್ವಲ್ಪ ಗೋಧಿ ಹಿಟ್ಟು ಉದುರಿಸಿ. ಬರೀ ರಾಗಿಯಲ್ಲಿ ಮಾಡಲು ಹೋದರೆ ಹೋಳು ಮಾಡುವಾಗ ಪುಡಿಪುಡಿಯಾಗುತ್ತದೆ, ರಾಗಿಯಲ್ಲಿ ಗ್ಲುಟೆನ್ ಇಲ್ಲ. ಗೋಧಿ ಆಗದ ನಾಯಿಯಾದರೆ ಅದರ ಬದಲು ಅಕ್ಕಿ ಹಿಟ್ಟು ಹಾಕಿ, ಅಂಟು ಕೊಡಲು ಇನ್ನೊಂದು ಮೊಟ್ಟೆ ಒಡೆಯಿರಿ.

ಎರಡು ಸಲ ಬೇಯಿಸಬೇಕು

ಹಿಟ್ಟನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ಒಂದು ಗೇಣು ಉದ್ದ, ಎರಡು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ದಿಮ್ಮಿಯಂತೆ ತಟ್ಟಿ. ಓಟಿಜಿಯನ್ನು (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 180 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ 25ರಿಂದ 30 ನಿಮಿಷ ಬೇಯಿಸಿ. ಹೊರಗೆ ತೆಗೆದು ಹತ್ತು ನಿಮಿಷ ಆರಲು ಬಿಡಿ. ಬಿಸಿಯಲ್ಲೇ ಕೊಯ್ದರೆ ಅಂಚು ಕಿತ್ತು ಬರುತ್ತದೆ, ಪೂರ್ತಿ ತಣ್ಣಗಾದರೆ ಚಾಕು ಇಳಿಯುವುದಿಲ್ಲ. ಬ್ರೆಡ್ ಚಾಕುವಿನಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡಿದರೆ ಹೆಚ್ಚುಕಡಿಮೆ 40 ಸಿಗುತ್ತವೆ.

ಈ ಹಂತದಲ್ಲಿ ಹೋಳಿನ ನಡುಭಾಗ ಒತ್ತಿ ನೋಡಿ: ಅಂಚು ಗಟ್ಟಿ, ಒಳಗೆ ಇನ್ನೂ ಮೆತ್ತಗೆ, ಬಣ್ಣ ಹಸಿ ಕೆಮ್ಮಣ್ಣಿನದು. ಆ ಮೆತ್ತಗಿನ ಭಾಗವೇ ನಮ್ಮ ಮಳೆಗಾಲದಲ್ಲಿ ಮೂರು ದಿನಕ್ಕೆ ಬೂಷ್ಟು ಹಿಡಿಯುವುದು. ಹಾಗಾಗಿ ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ 140 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ ಒಣಗಿಸಿ. ಓವನ್ ಆರಿಸಿದ ಮೇಲೂ ಒಳಗೇ ಬಿಡಿ. ಆರಿದ ಹೋಳನ್ನು ಮುರಿದರೆ ಟಕ್ಕೆನ್ನಬೇಕು. ಬಾಗಿ ಮುರಿದರೆ ಮತ್ತೆ ಹದಿನೈದು ನಿಮಿಷ.

ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಒಂದು ಬೆರಳು ದಪ್ಪ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು ಹತ್ತು ನಿಮಿಷ ಕಾಯಿಸಿ. ಉದ್ದದ ದಿಮ್ಮಿ ಅದರಲ್ಲಿ ಹಿಡಿಯದು, ಗಿಡ್ಡಗೆ ತಟ್ಟಿ ತಟ್ಟೆಯಲ್ಲಿಟ್ಟು ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿ. ಎರಡನೇ ಸುತ್ತನ್ನು ದಪ್ಪ ಕಾವಲಿಯ ಮೇಲೆ, ತೀರಾ ಸಣ್ಣ ಉರಿಯಲ್ಲಿ ಮಗುಚುತ್ತಾ ಮಾಡಿ. ತಾಳ್ಮೆ ಬೇಕು, ಆದರೆ ಆಗುತ್ತದೆ.

ಎಷ್ಟು ಕೊಡಬೇಕು

ದಿನದ ಕ್ಯಾಲೊರಿಯಲ್ಲಿ ತಿಂಡಿತೀರ್ಥದ ಪಾಲು ಶೇ 10 ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಮೇಲಿನ ಅಳತೆಯಲ್ಲಿ ಒಂದು ಹೋಳಿಗೆ ಸುಮಾರು 25 ಕ್ಯಾಲೊರಿ. ಹತ್ತು ಕೆ.ಜಿ. ತೂಗುವ ಬೆಳೆದ ನಾಯಿಗೆ ದಿನಕ್ಕೆ 600 ಕ್ಯಾಲೊರಿಯ ಆಸುಪಾಸು ಬೇಕು, ಅಂದರೆ ಎರಡು ಹೋಳು. 25 ಕೆ.ಜಿ.ಯ ಲ್ಯಾಬ್ರಡಾರ್‌ಗೆ ಐದು. ಐದು ಕೆ.ಜಿ.ಯ ಪುಟ್ಟ ನಾಯಿಗೆ ಒಂದೂವರೆ, ಅದೂ ಮುರಿದು ಮುರಿದು. ಮನೆಮಂದಿ ಒಬ್ಬೊಬ್ಬರೂ ಕದ್ದು ಒಂದೊಂದು ಕೊಟ್ಟರೆ ಈ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ, ಆದ್ದರಿಂದ ದಿನದ ಪಾಲನ್ನು ಬೆಳಿಗ್ಗೆಯೇ ಸಣ್ಣ ಡಬ್ಬಿಗೆ ಹಾಕಿಟ್ಟುಬಿಡಿ. ಮೊದಲ ಸಲ ಚಿಟಿಕೆಯಷ್ಟು ಕೊಟ್ಟು, ಒಂದೆರಡು ದಿನ ಮಲ ಹೇಗಿದೆ, ಮೈ ಕೆರೆದುಕೊಳ್ಳುತ್ತದೆಯೇ ನೋಡಿ.

ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯೆಂದು ಮರಿಗಳಿಗೆ ದಂಡಿಯಾಗಿ ಉಣಿಸುವವರುಂಟು. ಗ್ರೇಟ್ ಡೇನ್, ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮರಿಗಳಿಗೆ ಬೆಳೆಯುವ ವಯಸ್ಸಿನಲ್ಲಿ ಕ್ಯಾಲ್ಸಿಯಂ ಅತಿಯಾದರೆ ಮೂಳೆಯೇ ಓರೆಯಾಗಬಹುದು. ತುಂಡು ರಸ್ಕಿನಿಂದ ಏನೂ ಆಗದು, ದಿನಾ ರಾಗಿಯೇ ಊಟವಾದರೆ ಕಷ್ಟ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ, ಕರಾವಳಿಯ ಆಷಾಢದಲ್ಲಾದರೆ ಫ್ರಿಜ್ಜಿನಲ್ಲೇ ಇಡಿ. ಒಂದು ಹೋಳಿನಲ್ಲಿ ಬೂಷ್ಟು ಕಂಡರೂ ಇಡೀ ಡಬ್ಬಿ ತಿಪ್ಪೆಗೆ, ಬೀದಿನಾಯಿಗಲ್ಲ: ಕೆಲವು ಬೂಷ್ಟಿನ ವಿಷ ನಾಯಿಗೆ ನಡುಕ ತರಿಸುತ್ತದೆ. ಹಲ್ಲು ಉದುರಿದ ಮುದಿ ನಾಯಿ ಮನೆಯಲ್ಲಿದ್ದರೆ, ಉಪ್ಪು ಮಸಾಲೆ ಹಾಕದೆ ಕೋಳಿ ಬೇಯಿಸಿದ ಬೆಚ್ಚನೆಯ ನೀರಲ್ಲಿ ಹೋಳನ್ನು ಐದು ನಿಮಿಷ ನೆನೆಸಿ ಕೊಡಿ.