ಹಬ್ಬದ ಗಿರಾಕಿಗಳು ಬರುವ ಮೊದಲೇ ವೆಬ್‌ಸೈಟ್‌ಗೆ ಭಾರ ಹೊರಿಸಿ ನೋಡಿ

ಬಾಗಲಕೋಟೆಯ ಒಂದು ಬಟ್ಟೆ ಅಂಗಡಿಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಅಲ್ಲಿ ಮಾರಾಟಕ್ಕಿವೆ. ಒಂದು ದೀಪಾವಳಿಗೆ ಮೊದಲು, ಸಂಜೆ 7ಕ್ಕೆ ಹೊಸ ಸೀರೆಗಳು ಬರುತ್ತವೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಹೇಳಿದ್ದೆವು. ಐದೇ ನಿಮಿಷದಲ್ಲಿ ಪುಟ ತೆರೆಯುವುದು ನಿಂತುಹೋಯಿತು. ಗಿರಾಕಿ ಎಷ್ಟು ಹೊತ್ತು ಕಾಯುತ್ತಾರೆ? ಮಗ್ಗದ ಮುಂದೆ ದಿನಗಟ್ಟಲೆ ಕೂತು ನೇಯ್ದ ಸೀರೆಗಳು ಕಪಾಟಿನಲ್ಲೇ ಉಳಿದವು. ಆ ಸಂಜೆಯ ಬೇಸರ ಇನ್ನೂ ಹೋಗಿಲ್ಲ.

ದಿನವಿಡೀ ಒಬ್ಬೊಬ್ಬರಾಗಿ ಬರುವ ಜನರನ್ನು ಸುಲಭವಾಗಿ ತಾಳುವ ಸೈಟ್, ಒಮ್ಮೆಲೇ ಎಲ್ಲರೂ ನುಗ್ಗಿದರೆ ಕುಸಿಯಬಹುದು. ಎಲ್ಲಿ ಕುಸಿಯುತ್ತದೆ ಅಂತ ಮೊದಲೇ ತಿಳಿಯಲು ಸಾಫ್ಟ್‌ವೇರ್ ಸೃಷ್ಟಿಸುವ ನಕಲಿ ಗಿರಾಕಿಗಳನ್ನು ಕಳಿಸಿ ನೋಡುವುದೇ ಲೋಡ್ ಟೆಸ್ಟಿಂಗ್.

ಎಷ್ಟು ಜನ ಅಂತ ಮೊದಲು ಲೆಕ್ಕ ಹಾಕಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಒಂದು ಗಂಟೆಯಲ್ಲಿ 3,000 ಜನ ಬರುತ್ತಾರೆ ಅಂದುಕೊಳ್ಳಿ. ನಿಮಿಷಕ್ಕೆ 50 ಜನ ಆಯಿತು. ಒಬ್ಬರು 4 ನಿಮಿಷ ಇದ್ದರೆ, ಯಾವುದೇ ಕ್ಷಣದಲ್ಲಿ ಸೈಟ್ ಒಳಗೆ ಇರುವವರು 200. ಆದರೆ ಮಾರಾಟ ಶುರುವಾಗುವ ದಿನ ಜನ ಹೀಗೆ ಸಮನಾಗಿ ಬರುವುದಿಲ್ಲ, ಅಲ್ವಾ? ಅರ್ಧದಷ್ಟು ಜನ ಮೊದಲ 10 ನಿಮಿಷದಲ್ಲೇ ಬಂದರೆ ನಿಮಿಷಕ್ಕೆ 150. ಆಗ ಒಳಗಿರುವವರು 600. ನೀವು ಪರೀಕ್ಷಿಸಬೇಕಾದ್ದು ಈ 600ಕ್ಕೆ, ಜೊತೆಗೆ ಇನ್ನೊಂದಿಷ್ಟಕ್ಕೆ.

ಆಮೇಲೆ ಗಿರಾಕಿ ನಡೆಯುವ ದಾರಿಯನ್ನು ಬರೆದುಕೊಳ್ಳಿ. ಬರೀ ಮುಖಪುಟ ತೆರೆದು ಪರೀಕ್ಷೆ ಮುಗಿಸಬೇಡಿ. ಸೀರೆ ಹುಡುಕುವುದು, ಸೆರಗಿನ ಫೋಟೊ ನೋಡುವುದು, ಬುಟ್ಟಿಗೆ ಹಾಕುವುದು, ಲಾಗಿನ್ ಆಗುವುದು ಎಲ್ಲವೂ ಬೇಕು. ಪ್ರತಿ ಹೆಜ್ಜೆಯ ನಡುವೆ ಕೆಲವು ಸೆಕೆಂಡು ಬಿಡುವು ಕೊಡಿ. ಮನುಷ್ಯರು ಫೋಟೊ ನೋಡುತ್ತಾ ಯೋಚಿಸುತ್ತಾರೆ, ಯಂತ್ರದ ಹಾಗೆ ಬಟನ್ ಒತ್ತುತ್ತಾ ಹೋಗುವುದಿಲ್ಲ.

ಕ್ಲೌಡ್ ಯಾಕೆ ಬೇಕು?

600 ಜನರ ಕೆಲಸವನ್ನು ಮನೆಯ ಲ್ಯಾಪ್‌ಟಾಪ್‌ನಿಂದ ಮಾಡಿಸಿದರೆ ಸೈಟ್‌ಗಿಂತ ಮೊದಲು ಮನೆಯ ಬ್ರಾಡ್‌ಬ್ಯಾಂಡ್ ಸುಸ್ತಾಗಬಹುದು. ಆಗ ನೀವು ಅಳೆಯುವುದು ನಿಮ್ಮ ಇಂಟರ್ನೆಟ್ ವೇಗವನ್ನು, ಸೈಟ್‌ನ ವೇಗವನ್ನಲ್ಲ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳಲ್ಲಿ, ಹಲವು ಯಂತ್ರಗಳು ಈ ಭಾರವನ್ನು ಹಂಚಿಕೊಳ್ಳುತ್ತವೆ.

ಜೆಮೀಟರ್ 1998ರಿಂದ ಇರುವ, ಲೋಡ್ ಟೆಸ್ಟಿಂಗ್ ಮಾಡುವ ಉಚಿತ ಸಾಧನ. ಅದರಲ್ಲಿ ಮಾಡಿದ ಪರೀಕ್ಷೆಯನ್ನು ಬ್ಲೇಜ್‌ಮೀಟರ್ ಅಥವಾ ಅಜೂರ್ ಲೋಡ್ ಟೆಸ್ಟಿಂಗ್ ಅನ್ನುವ ಕ್ಲೌಡ್ ಸೇವೆಗಳಲ್ಲಿ ಓಡಿಸಬಹುದು. ಪೈಥಾನ್ ಭಾಷೆ ಬಲ್ಲವರಿಗೆ ಲೋಕಸ್ಟ್ ಅನ್ನುವ ಇಂಥದ್ದೇ ಸಾಧನ ಇದೆ. ನನಗೆ ಹಿಡಿಸಿದ್ದು ಕೆ6 ಅನ್ನುವ ಸಾಧನ. ಗಿರಾಕಿಯ ದಾರಿಯನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದರೆ ಸಾಕು. ಮೊದಲು ಸ್ವಂತ ಕಂಪ್ಯೂಟರ್‌ನಲ್ಲಿ 5 ನಕಲಿ ಗಿರಾಕಿಗಳೊಂದಿಗೆ ಉಚಿತವಾಗಿ ಓಡಿಸಿ ತಪ್ಪು ತಿದ್ದಿಕೊಳ್ಳಿ. ಅದೇ ಸ್ಕ್ರಿಪ್ಟನ್ನು ಆಮೇಲೆ ಕೆ6 ತಯಾರಕರ ಕ್ಲೌಡ್ ಸೇವೆಯಾದ ಗ್ರಾಫಾನಾ ಕ್ಲೌಡ್‌ಗೆ ಕಳಿಸಿ, ಭಾರ ಹೊರಡುವ ಜಾಗಕ್ಕೆ ಮುಂಬೈ ಆರಿಸಿ. ಅಮೆರಿಕದಿಂದ ಹೊರಡಿಸಿದರೆ ದೂರದ ವಿಳಂಬವೂ ಲೆಕ್ಕಕ್ಕೆ ಸೇರುತ್ತದೆ.

ಶುರು ಮಾಡುವ ಮುಂಚೆ ನಿಮ್ಮ ಸೈಟನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಯ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ಅವರಿಗೆ ಇದು ದಾಳಿಯಂತೆ ಕಾಣುತ್ತದೆ. ಬೇರೆಯವರ ಸೈಟ್ ಮೇಲಂತೂ ಸುಮ್ನೆ ನೋಡೋಣ ಅಂತಲೂ ಓಡಿಸಬೇಡಿ. ಹಣ ಪಾವತಿ, ನಿಜವಾದ ಹಣ ಕಡಿತವಾಗದ ಟೆಸ್ಟ್ ಮೋಡ್‌ನಲ್ಲೇ ಇರಲಿ. ಒಟಿಪಿ ಸಂದೇಶಗಳನ್ನು ನಿಲ್ಲಿಸಿಡಿ, ಅವಕ್ಕೆ ಒಂದೊಂದಕ್ಕೂ ದುಡ್ಡು ಬೀಳುತ್ತದೆ.

ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. 50ರಲ್ಲಿ ಐದು ನಿಮಿಷ, 200ರಲ್ಲಿ ಐದು, ಆಮೇಲೆ 400, 600. ಹೀಗೆ ಮಾಡಿದರೆ ಯಾವ ಮೆಟ್ಟಿಲಲ್ಲಿ ಸೈಟ್ ನಿಧಾನವಾಯಿತು ಅಂತ ಗೊತ್ತಾಗುತ್ತದೆ. ಕೊನೆಗೆ ಒಂದು ಸಲ, 7 ಗಂಟೆ ಹೊಡೆದ ಹಾಗೆ, ಒಮ್ಮೆಲೇ 600ಕ್ಕೆ ಏರಿಸಿ ನೋಡಿ.

ಸರಾಸರಿಯನ್ನು ನಂಬಬೇಡಿ

90 ಜನರಿಗೆ ಪುಟ 1 ಸೆಕೆಂಡಿನಲ್ಲಿ, 10 ಜನರಿಗೆ 20 ಸೆಕೆಂಡಿನಲ್ಲಿ ತೆರೆದರೆ ಸರಾಸರಿ 2.9 ಸೆಕೆಂಡು. ನೋಡಲು ಪರವಾಗಿಲ್ಲ ಅನಿಸುತ್ತದೆ. ಆದರೆ ಆ 10 ಜನ ಎದ್ದು ಹೋಗಿರುತ್ತಾರೆ. ಅದಕ್ಕೇ ವರದಿಯಲ್ಲಿ ಪಿ95 ಅನ್ನುವ ಅಂಕಿ ನೋಡಿ. 100 ಜನರನ್ನು ಕಡಿಮೆ ಕಾದವರಿಂದ ಜಾಸ್ತಿ ಕಾದವರವರೆಗೆ ಸಾಲಾಗಿ ನಿಲ್ಲಿಸಿದರೆ, 95ನೆಯವರು ಕಾದ ಸಮಯ ಅದು. ಈ ಉದಾಹರಣೆಯಲ್ಲಿ 20 ಸೆಕೆಂಡು. ಪಕ್ಕದಲ್ಲೇ ಎಷ್ಟು ವಿನಂತಿಗಳು ವಿಫಲವಾದವು ಅಂತಲೂ ನೋಡಿ. ಎರರ್ ಪುಟವೂ ಬೇಗ ತೆರೆಯುತ್ತದೆ, ಅದನ್ನು ವೇಗ ಅಂದುಕೊಳ್ಳಬಾರದು.

ಅದೇ ಹೊತ್ತಿಗೆ ಸೈಟ್ ಓಡುವ ಕಂಪ್ಯೂಟರ್ ಆದ ಸರ್ವರ್‌ನ ಸಿಪಿಯು, ಮೆಮೊರಿ, ಡೇಟಾಬೇಸ್ ಸಂಪರ್ಕಗಳ ಮೇಲೂ ಕಣ್ಣಿಡಿ. ನಮ್ಮ ಸೈಟ್‌ನಲ್ಲಿ ಸಿಪಿಯು ಆರಾಮಾಗಿತ್ತು. ಆದರೆ ಪ್ರತಿ ಸೀರೆಯ ಸ್ಟಾಕ್ ಎಣಿಸುವಾಗ ಡೇಟಾಬೇಸ್ ಇಡೀ ಪಟ್ಟಿಯನ್ನು ಓದುತ್ತಿತ್ತು. ಬೇಕಾದ್ದನ್ನು ನೇರವಾಗಿ ಹುಡುಕಲು ಸೂಚಿಯಂತಿರುವ ಒಂದು ಇಂಡೆಕ್ಸ್ ಹಾಕಿದೆ, ದೊಡ್ಡ ಫೋಟೊಗಳನ್ನು ಗಿರಾಕಿಗೆ ಹತ್ತಿರದ ಸರ್ವರ್‌ಗಳಿಂದ ಕಳಿಸುವ ಸಿಡಿಎನ್‌ಗೆ ಸಾಗಿಸಿದೆ. ಎರಡನ್ನೂ ಒಟ್ಟಿಗೆ ಮಾಡಲಿಲ್ಲ. ಒಂದು ಬದಲಾವಣೆ, ಒಂದು ಪರೀಕ್ಷೆ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಇದಕ್ಕೆಲ್ಲ ಸಮಯ ಬೇಕು, ಹಬ್ಬಕ್ಕೆ ಎರಡು ವಾರ ಇರುವಾಗಲೇ ಶುರು ಮಾಡಿ.

ಪರೀಕ್ಷೆ ಮುಗಿದ ಮೇಲೆ ಬಾಡಿಗೆಗೆ ಪಡೆದ ಕ್ಲೌಡ್ ಯಂತ್ರಗಳಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಬಿಲ್ ಓಡುತ್ತಲೇ ಇರುತ್ತದೆ. ನಕಲಿ ಆರ್ಡರ್‌ಗಳನ್ನು ಅಳಿಸಿ, ಸ್ಟಾಕ್ ಮೊದಲಿನಂತೆ ಇದೆಯೇ ಅಂತ ಕಪಾಟಿನ ಸೀರೆಗಳ ಜೊತೆ ಒಂದು ಸಲ ತಾಳೆ ನೋಡಿ.